ಹಿಂದಿನ ಕಿಟಕಿಯ ಖಾಲಿ ತೊಟ್ಟಿ

ಬಿಳಿ, ಅಕ್ಕಿನುಚ್ಚಿನಷ್ಟು ಬಿಳಿ, ಪಾಚಿಯ ಎಳೆಗಳ ನಡುವೆ ಬಾಗಿ ಬಿದ್ದಿದೆ, ಪೊರೆ ಇರಬೇಕು, ಪೊರೆಯೇ, ಸೀಗಡಿ ಬೆಳೆಯಬೇಕಾದರೆ ಹಳೆಯ ಚಿಪ್ಪು ಕಳಚಿ ಹೊರಗೆ ಬರಬೇಕು, ಕಳಚಿದ ಪೊರೆ ಹೀಗೇ ಮೀಸೆ ಕಾಲು ಸಮೇತ ಬಿದ್ದಿರುತ್ತದೆ, ಮೊದಲ ಸಲ ನೋಡಿದವರು ಸತ್ತೇ ಹೋಯಿತೆಂದು ಗಾಬರಿಯಾಗುತ್ತಾರೆ — ಆದರೆ ಪೊರೆ ಟೊಳ್ಳು, ಅದರಾಚೆಗಿನ ಎಲೆ ಕಾಣುತ್ತದೆ, ಇದರಾಚೆ ಏನೂ ಕಾಣುತ್ತಿಲ್ಲ, ಇದು ತುಂಬಿಕೊಂಡಿದೆ, ಬೆಂದ ಅನ್ನದ ಹಾಗೆ ಒಳಗೆಲ್ಲ ಬಿಳುಪು. ಅಲ್ಲೊಂದು. ಕಲ್ಲಿನ ಹಿಂದೆ ಇನ್ನೊಂದು, ಗಾಳಿನಳಿಗೆಯ ಬುಡದಲ್ಲಿ ಎರಡು ಒಂದರ ಮೇಲೊಂದು, ದೇವರೇ, ನಿನ್ನೆ ಸಂಜೆ ಇದೇ ಸ್ಟೂಲಿನ ಮೇಲೆ ಕೂತು ನೋಡಿದ್ದೆ, ಒಂದೂ ಕಂಡಿರಲಿಲ್ಲ, ಕಾಣಬಾರದು, ಕಾಣದಿರುವುದೇ ಇವುಗಳ ಆರೋಗ್ಯ, ಭೀಮಾ ಹೊಳೆಯ ಈ ಸೀಗಡಿ ಬದುಕಿರುವಷ್ಟು ಕಾಲ ಗಾಜು, ಬೆನ್ನಿನ ಮೂಲಕ ಹಿಂದಿನ ಮರಳು ಕಾಣುತ್ತದೆ, ಹೊಟ್ಟೆಯೊಳಗೆ ತಿಂದ ಪಾಚಿಯ ಹಸಿರು ಗೆರೆ, ತಲೆಯ ಹಿಂದೆ ಪಟಪಟ ಮಿಡಿಯುವ ಗುಂಡಿಗೆ, ಎರಡು ಕಪ್ಪು ಕಣ್ಣು, ಅಷ್ಟೇ, ಉಳಿದದ್ದೆಲ್ಲ ನೀರಿನ ಬಣ್ಣ, ಸಾಯುವಾಗ ಮಾತ್ರ ಮಾಂಸ ಕದಡಿ ಬೆಳ್ಳಗಾಗುತ್ತದೆ, ಸತ್ತ ಮೇಲೆ ಯಾರಿಗೆ ಬೇಕಾದರೂ ಕಾಣುತ್ತದೆ. ಬಸುರಿ ಎಲ್ಲಿ, ಅವಳು ಎಲ್ಲಿ, ಪಾಚಿ ಸರಿಸಬಾರದು, ಗಾಬರಿಯಾಗಿ ಜಿಗಿದರೆ ಮೊಟ್ಟೆ ಉದುರಿಸಿಬಿಡುತ್ತಾಳೆ, ತಡೆ, ಕಣ್ಣು ಹುಡುಕು, ಎರಡು ಕಪ್ಪು ಚುಕ್ಕಿ — ಇದ್ದಾಳೆ, ತೊಟ್ಟಿಯ ಮೂಲೆಯಲ್ಲಿ ನೀರಿನ ಮಟ್ಟಕ್ಕೆ ಬಂದು ಗಾಜಿಗೆ ಅಂಟಿ ನಿಂತಿದ್ದಾಳೆ, ಗಾಜೇ ಇದ್ದಾಳೆ ಇನ್ನೂ, ಹೊಟ್ಟೆಯ ಕೆಳಗೆ ಸಾಸಿವೆಗಿಂತ ಸಣ್ಣ ಹಸಿರು ಮೊಟ್ಟೆಗಳ ಗೊಂಚಲು, ಅದರ ನಡುವೆ ಈಜುಕಾಲುಗಳು ಬೀಸುತ್ತಿವೆ, ಹಿಂದೆ ಮುಂದೆ, ಹಿಂದೆ ಮುಂದೆ, ತೊಟ್ಟಿಲ ಪಕ್ಕ ಕೂತವರು ಬೀಸಣಿಗೆ ಬೀಸಿದ ಹಾಗೆ, ಮೊಟ್ಟೆಗೆ ಉಸಿರು ಸಿಗಬೇಕಲ್ಲ, ಬೀಸುವುದು ನಿಂತರೆ ಮೊಟ್ಟೆಗೆ ಬೂಷ್ಟು ಹಿಡಿಯುತ್ತದೆ, ಬೀಸುತ್ತಿವೆ, ಸರಿ, ಬೀಸುತ್ತಿವೆ.

ಏನು ಕೊಂದಿತು ಇವನ್ನು? ಸೆಖೆಯಲ್ಲ, ಶ್ರಾವಣದ ಮೋಡ ಕವಿದಿದೆ, ನೀರಿನ ಬಿಸಿ ಸರಿಯಾಗೇ ಇದೆ, ಗಾಳಿಯ ಪಂಪು ಗುರುಗುಡುತ್ತಿದೆ, ಕೊಳೆತ ವಾಸನೆ ಇಲ್ಲ, ವಾಸನೆ — ಇದೆ, ಇದ್ದೂ ಇಲ್ಲದ ಹಾಗೆ ನಿಂಬೆಯದು, ನಿಂಬೆ ಬೆಳೆಯುವ ಇಂಡಿ ಊರಿನ ಮನೆಯಲ್ಲಿ ನಿಂಬೆ ವಾಸನೆ ಎಲ್ಲಿಲ್ಲ, ಬುಟ್ಟಿ ತುಂಬ ಬಿದ್ದಿರುತ್ತವೆ, ಆದರೆ ತೊಟ್ಟಿಯ ಹತ್ತಿರ ಯಾಕೆ, ಮತ್ತೆ ಇದೇನು ನೀರ ಮೇಲೆ, ಮೂರು ದಳದ ಪತ್ರಿ ಎಲೆ, ವಿಭೂತಿಯ ತೆಳುಗೆನೆ, ಪತ್ರಿ ಎಲೆಗೆ ಕಾಲಿದೆಯೇ, ದೇವರ ಜಗಲಿಯ ಮೇಲಿನಿಂದ ತಾನೇ ನಡೆದು ಬಂತೇ? ಅತ್ತೀ, ಅತ್ತೀ, ಇಲ್ಲಿ ಬರ್ರಿ ಒಂದೀಟು. ನನ್ನ ದನಿ ಇಷ್ಟು ಗಟ್ಟಿ ಇದೆಯೇ. ಬಾಳಮ್ಮ, ನನ್ನ ಅತ್ತೆ, ಕೈಯಲ್ಲಿ ತಾಮ್ರದ ತಂಬಿಗೆ ಹಿಡಿದೇ ಬಂದರು, ತಿಕ್ಕಿ ತಿಕ್ಕಿ ಬೆಂಕಿಯ ಹಾಗೆ ಹೊಳೆಯುವ ತಂಬಿಗೆ, ಏನಾತ ಯವ್ವಾ, ಯಾಕ ಹಂಗ ಒದರತಿ, ಓಣಿ ಮಂದಿ ಏನಂದಾರು. ಈ ತೊಟ್ಟ್ಯಾಗ ನೀರ ಹಾಕಿದ್ರೇನ್ರಿ? ಹೌದು, ಪೂಜಿ ನೀರು, ಹಾಕೀನಿ, ಪತ್ರಿ ಸೋಸಿ ದಿನಾ ಅಲ್ಲೇ ಹಾಕಾಕತ್ತೇನಿ, ಇವತ್ತ ಒಂದ ಜಾರಿರಬೇಕು, ಅಂಗಳಕ್ಕ ಸಿಮಿಟ ಬಡದ ಮ್ಯಾಲ ಎಲ್ಲಿ ಹಾಕ್ಲಿ, ಮೋರ್ಯಾಗ ಚೆಲ್ಲಲೇನು? ಮಂದಿ ತುಳದಾಡೋ ಜಾಗಾದಾಗ ಪೂಜಿ ನೀರ ಹಾಕ್ತಾರೇನ? ಅತ್ತೀ, ಇದರಾಗ ಜೀವ ಅದಾವ್ರಿ. ಅದರಾಗ ಏನೈತಿ, ಬರೇ ಹುಲ್ಲು ಐತಿ, ಹುಳ ಮುಂದಿನ ಪಡಸಾಲ್ಯಾಗಿನ ತೊಟ್ಟ್ಯಾಗ ಅದಾವು, ಕೆಂಪನವು, ಅಲ್ಲೆ ನಾ ಒಂದ ಹನಿ ಹಾಕಿಲ್ಲ ನೋಡು, ಜೀವಕ್ಕ ತ್ರಾಸ ಕೊಡಬಾರದಂತ ನನಗ ತಿಳಿಯೂದಿಲ್ಲೇನು.

ತಿಳಿಯುತ್ತದೆ, ಅದೇ ಕಷ್ಟ, ಎಲ್ಲ ತಿಳಿದೇ ಮಾಡಿದ್ದಾರೆ, ಜೀವ ಇರುವ ತೊಟ್ಟಿ ಬಿಟ್ಟು ಜೀವ ಇಲ್ಲದ್ದು ಎಂದುಕೊಂಡ ತೊಟ್ಟಿಗೆ ಹಾಕಿದ್ದಾರೆ, ಇದರಲ್ಲಿ ಸಿಟ್ಟು ಇಡುವುದಕ್ಕೆ ಜಾಗವೆಲ್ಲಿ, ಆದರೂ ಸಿಟ್ಟು ಬರುತ್ತಿದೆ, ಕಾಣದಿದ್ದರೆ ಇಲ್ಲವೇ? ದಿನಾ ಬೆಳಿಗ್ಗೆ ಚಹಾ ಹಿಡಿದು ನಾನು ಈ ಸ್ಟೂಲಿನ ಮೇಲೆ ಕೂತು ಬರೀ ಹುಲ್ಲು ನೋಡುತ್ತೇನೆಯೇ, ಬಯಾಲಜಿ ಕಲಿಸುವವಳು, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿ ಬಂದವಳು, ಖಾಲಿ ನೀರನ್ನು ದಿಟ್ಟಿಸುವಷ್ಟು ತಲೆ ಕೆಟ್ಟವಳು ಎಂದುಕೊಂಡಿದ್ದರೇ ಈ ಮನೆಯಲ್ಲಿ ಎಲ್ಲರೂ? ಅತ್ತೀ, ಆ ತಂಬಗಿ ಯಾವುದರಿಂದ ತಿಕ್ಕತೀರಿ? ನಿಂಬಿಹೋಳು, ಉಪ್ಪು, ಮತ್ಯಾವುದರಿಂದ ತಿಕ್ಕತಾರ. ತಿಕ್ಕಿ ಸಂಜಿಗೆ ನೀರ ತುಂಬಿ ಇಡ್ತೀರಿ? ಇಡ್ತೇನಿ, ಮುಂಜಾನೆ ಪೂಜಿಗೆ ಬೇಕಲ್ಲ. ಆಯಿತು, ಪಾಠದ ಪ್ರಯೋಗದ ಹಾಗೆ ಎಲ್ಲವೂ ಸಾಲಾಗಿ ನಿಂತಿತು, ನಿಂಬೆಯ ಹುಳಿ, ಹಸಿ ತಾಮ್ರ, ರಾತ್ರಿಯಿಡೀ ನಿಂತ ನೀರು, ಆ ತಾಮ್ರ ಕರಗಿ ತಂಬಿಗೆಯಿಂದ ದೇವರಿಗೆ, ದೇವರಿಂದ ತೊಟ್ಟಿಗೆ, ನೀರು ಆರಿಹೋಗುತ್ತದೆ ತಾಮ್ರ ಆರುವುದಿಲ್ಲ, ದಿನಾ ಒಂದಿಷ್ಟು, ಪಾಚಿ ಹೀರುವಷ್ಟು ಹೀರಿತು, ಆಮೇಲೆ ಕಿವಿರುಗಳು. ನಮಗೆ ಒಂದು ಗುಟುಕು ಒಳ್ಳೆಯದು, ಇವಕ್ಕೂ ಬೇಕು ಒಂದು ಚೂರು, ಇವುಗಳ ನೆತ್ತರಲ್ಲಿ ನಮ್ಮ ಕಬ್ಬಿಣದ ಜಾಗದಲ್ಲಿ ಇರುವುದೇ ತಾಮ್ರ, ಚೂರು ಹೆಚ್ಚಾದರೆ ಅದೇ ತಾಮ್ರ ಉಸಿರು ಕಟ್ಟಿಸುತ್ತದೆ, ಹೀಗೆಂದು ಹೇಳಿದೆ, ಹೇಳಬಾರದಿತ್ತೇನೋ, ವಿಷ ಎಂಬ ಮಾತು ಬಂದುಬಿಟ್ಟಿತು ನಡುವೆ, ಅತ್ತೆಯ ಮುಖ ಗಟ್ಟಿಯಾಯಿತು. ಪೂಜಿ ನೀರಿಗೆ ವಿಷ ಅಂತೀಯಲ್ಲವ್ವಾ, ನನ್ನ ಮಾವ ಅಜ್ಜ ಎಲ್ಲಾ ಇದ ತಂಬಗಿ ನೀರ ಕುಡದ ಹೋದವ್ರು, ತೊಂಬತ್ತ ವರ್ಷ ಬದಕ್ಯಾರ. ಅವ್ರು ಸೀಗಡಿ ಅಲ್ರಿ ಅತ್ತಿ. ಅಂದುಬಿಟ್ಟೆ. ಬೇರೆ ದಿನವಾಗಿದ್ದರೆ ಇಬ್ಬರೂ ನಗುತ್ತಿದ್ದೆವು, ಇವತ್ತು ಅತ್ತೆ ತಂಬಿಗೆಯನ್ನು ಎದೆಗೆ ಒತ್ತಿ ಹಿಡಿದು ನಿಂತರು, ನಿಂತು, ನನಗ ಹೆಂಗ ತಿಳೀಬೇಕು, ನಾ ಸುಮ್ಮ ಹಾಕಿಲ್ಲ, ಸಂಜೂಗ ಕೇಳೇ ಹಾಕೀನಿ, ಅವನ ಅಂದಾ, ಹಿಂದಿನ ಕಿಟಕ್ಯಾಗ ಒಂದ ಖಾಲಿ ತೊಟ್ಟಿ ಐತಿ ಅದರಾಗ ಹಾಕಬೇ ಯವ್ವಾ ಅಂತ.

ಸಂಜೂ, ಸಂಜೀವಕುಮಾರ, ನನ್ನ ಗಂಡ. ತಡೆ, ಅದು ಆಮೇಲೆ, ಮೊದಲು ಈ ಬಸುರಿ, ನೀರು ಎಲ್ಲಿಂದ ತರಲಿ, ಬೋರಿನ ಹಸಿ ನೀರು ಬೇಡ, ಪಡಸಾಲೆಯ ಕೆಂಪು ಸೀಗಡಿಗಳ ತೊಟ್ಟಿಯ ನೀರು, ಅದು ಹದವಾದದ್ದು, ಒಂದು ಬಕೆಟ್, ಈ ಕಡೆ ಅಗಲವಾದ ಪ್ಲಾಸ್ಟಿಕ್ ಡಬ್ಬಿ, ಸೌಟಿನಿಂದ ಅವಳನ್ನು ಅವಳಿರುವ ನೀರಿನ ಸಮೇತ ಎತ್ತಿಕೊಂಡೆ, ಜಿಗಿಯಲಿಲ್ಲ, ಜಿಗಿಯಬೇಕಿತ್ತು, ಜಿಗಿಯದಿರುವುದು ಒಳ್ಳೆಯ ಲಕ್ಷಣವಲ್ಲ, ಒಮ್ಮೆಗೇ ಒಳ್ಳೆಯ ನೀರಿಗೆ ಬಿಡುವ ಹಾಗಿಲ್ಲ, ನೀರಿನ ಗುಣ ತಟ್ಟನೆ ಬದಲಾದರೆ ಆ ಏಟಿಗೇ ಹೋಗುತ್ತಾಳೆ, ಮೆಡಿಕಲ್ ಅಂಗಡಿಯಿಂದ ತಂದ ಸಲಾಯಿನ್ ನಳಿಗೆ ಇದೆ, ಒಂದು ತುದಿ ಬಕೆಟ್ಟಿನಲ್ಲಿ, ಇನ್ನೊಂದು ಡಬ್ಬಿಯ ಅಂಚಿಗೆ, ಸಣ್ಣ ಗಾಲಿಯನ್ನು ತಿರುಗಿಸಿ ಹನಿ ಕಟ್ಟಿದೆ, ಟಪ್, ಟಪ್, ಇಷ್ಟೇ, ಇದಕ್ಕಿಂತ ವೇಗ ಇಲ್ಲ, ಮನೆಯ ಗೋಡೆ ಒಡೆಯುವಷ್ಟು ಸಿಟ್ಟು ಇಟ್ಟುಕೊಂಡು ಹನಿಹನಿಯಾಗಿ ನೀರು ಬಿಡುತ್ತ ಕೂರಬೇಕು, ಮೊಟ್ಟೆಯ ನಡುವೆ ಕಾಲುಗಳು ಬೀಸುತ್ತಿವೆ, ಸ್ವಲ್ಪ ನಿಧಾನವಾಯಿತೇ, ಇಲ್ಲ, ನನ್ನ ಕಣ್ಣಿನ ಭ್ರಮೆ. ಎಷ್ಟು ಜಾತಿ ಸಾಕಿ ಸೋತಿದ್ದೇನೆ, ಸೋತಾಗಲೆಲ್ಲ ಕಾರಣ ಗೊತ್ತಾಗಿದೆ, ಅದಕ್ಕೇ ಅವು ಇಷ್ಟು ಉರಿದಿಲ್ಲ, ಜೇನುನೊಣದ ಹಾಗೆ ಕಪ್ಪು ಬಿಳಿ ಪಟ್ಟೆಯವು ತಣ್ಣನೆಯ ಮೆದು ನೀರಿನವು, ನಮ್ಮ ಬೋರಿನ ಗಡಸು ನೀರಿಗೆ ಅವು ಒಗ್ಗುವುದಿಲ್ಲವೆಂದು ಪುಸ್ತಕವೇ ಹೇಳಿತ್ತು, ಆದರೂ ಮಳೆನೀರು ಹಿಡಿದಿಟ್ಟು ಸಾಕಿದೆ, ಮೇ ತಿಂಗಳಲ್ಲಿ ಕರೆಂಟು ಹೋದ ಒಂದು ಮಧ್ಯಾಹ್ನ ತೊಟ್ಟಿಯ ಗಾಜೇ ಬಿಸಿಯಾಗಿ ಎಲ್ಲ ಹೋದವು, ಅದು ನನ್ನ ಹಟದ ಫಲ, ಒಪ್ಪಿದೆ, ಜಪಾನಿನ ಪಾಚಿ ತಿನ್ನುವ ದೊಡ್ಡ ಸೀಗಡಿಗಳು ಮೊಟ್ಟೆ ಇಟ್ಟವು, ಅವುಗಳ ಮರಿಗೆ ಉಪ್ಪು ನೀರು ಬೇಕು, ಉಪ್ಪು ಅಳೆದು ಬೆರೆಸಿ ಚುಕ್ಕಿಯಂಥ ಮರಿಗಳನ್ನು ಬೇರೆ ಪಾತ್ರೆಗೆ ಬಿಟ್ಟು ಟಾರ್ಚು ಹಿಡಿದು ಕಾದೆ, ಒಂದೂ ಕಾಲು ಮೂಡಿ ತಳಕ್ಕಿಳಿಯಲಿಲ್ಲ, ಅದೂ ಸರಿ, ಪಡಸಾಲೆಯ ಕೆಂಪು ಚೆರಿ ಸೀಗಡಿಗಳು ಮಾತ್ರ ಈ ನೀರಿಗೆ ಹುಟ್ಟಿದ್ದೇ ಎನ್ನುವಂತೆ ಬೆಳೆದವು, ತೆಳು ಬಣ್ಣದವನ್ನು ಬೇರೆ ತೆಗೆದು ತೆಗೆದು ಈಗ ಮೆಣಸಿನಕಾಯಿಯ ಕೆಂಪು ಬಂದಿದೆ, ಬಂದವರೆಲ್ಲ ಫೋಟೊ ಹೊಡೆದುಕೊಳ್ಳುತ್ತಾರೆ, ಸ್ಟಾಫ್ ರೂಮಿನಲ್ಲಿ ಮ್ಯಾಡಮ್ಮಾರ, ನೀವು ಬಳ್ಳೊಳ್ಳಿ ವಾಸನಿಗೇ ಮೂಗ ಮುಚ್ಚೂ ಮಂದಿ, ಸೀಗಡಿ ಸಾಕಿ ಚಟ್ನಿ ಯಾರಿಗೆ ಮಾಡ್ತೀರಿ ಎಂದು ನಗುತ್ತಾರೆ, ನಗಲಿ, ಕೆಂಪು ಬಣ್ಣಕ್ಕೆ ಎಲ್ಲರೂ ನೆಂಟರೇ.

ಆದರೆ ಇವು ನನ್ನವು, ಅಂಗಡಿಯಿಂದ ಪಾಕೀಟಿನಲ್ಲಿ ಬಂದವಲ್ಲ, ಅಗರಖೇಡದ ಹತ್ತಿರ ಭೀಮೆ ಇಳಿದು ಮಡುಗಳಾಗಿ ನಿಂತಿದ್ದಾಗ ಗೈಬುಸಾಬನ ಹಿಂದೆ ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದವಳು ನಾನು, ಬಲೆ ಬಿಡುವ ಗೈಬುಸಾಬ ಅಂಗೈಯಲ್ಲಿ ನೀರು ಹಿಡಿದು ತೋರಿಸಿದ, ನೋಡ್ರಿ ಬಾಯಾರ, ಇವಕ್ಕ ಹೆಸರ ಗಿಸರ ಇಲ್ಲರಿ, ಗಾಳಕ್ಕ ಸಿಗಸ್ತೀವಿ, ನೀವ ಒಯ್ದು ಏನ ಮಾಡ್ತೀರಿ? ಹೆಸರಿಲ್ಲದ್ದಕ್ಕೇ ಒಯ್ತೇನಪಾ. ಕುಲ ಗೊತ್ತು, ಜಾತಿ ಇನ್ನೂ ಖಚಿತವಿಲ್ಲ, ತಲೆಯ ಮುಂದಿನ ಗರಗಸದಂಥ ಮುಳ್ಳಿನ ಹಲ್ಲುಗಳನ್ನು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ಎಣಿಸಿ ಎಣಿಸಿ ಕಣ್ಣು ಉರಿದಿದೆ, ಯಾವ ಪುಸ್ತಕದ ಚಿತ್ರಕ್ಕೂ ಪೂರ್ತಿ ಹೊಂದುವುದಿಲ್ಲ, ಹೊಸದೋ ಹಳೆಯದೋ, ಮರಿ ಹೇಗೆ ಹುಟ್ಟುತ್ತದೆಂದು ನೋಡಿದರೆ ಗೊತ್ತಾದೀತು, ಮೊಟ್ಟೆ ಕೆಲವೇ, ಉಳಿದ ಜಾತಿಯವಕ್ಕಿಂತ ದೊಡ್ಡವು, ಅಂದರೆ ಇವುಗಳ ಮರಿಗೆ ಉಪ್ಪು ನೀರು ಬೇಡ, ಸಮುದ್ರ ಬೇಡ, ತಾಯಿಯ ಪಡಿಯಚ್ಚಾಗಿ ಸಿಹಿನೀರಿನಲ್ಲೇ ಹುಟ್ಟಬೇಕು, ಇದು ನನ್ನ ಊಹೆ, ಊಹೆಗೆ ಸಾಕ್ಷಿ ಅವಳ ಹೊಟ್ಟೆಯ ಕೆಳಗಿದೆ, ಮೊಟ್ಟೆಯೊಳಗೆ ಈಗಾಗಲೇ ಕಣ್ಣಿನ ಚುಕ್ಕಿ ಮೂಡಿತ್ತು, ಈ ವಾರ, ಇವತ್ತು, ನಾಳೆ. ಎರಡು ಮಳೆಗಾಲ ಇದೊಂದಕ್ಕೆ ಕಾದಿದ್ದೇನೆ. ಹಿಂದಿನ ತಿಂಗಳು ಮೊಟ್ಟೆ ಕಟ್ಟಿದ ದಿನ ಓಡಿಹೋಗಿ ಗಂಡನನ್ನೇ ಕರೆದುಕೊಂಡು ಬಂದಿದ್ದೆ, ರೀ, ಬರ್ರಿ, ನೋಡ್ರಿ, ಆ ಎಲಿ ಕೆಳಗ, ಇವರು ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ ಬಗ್ಗಿ, ಹಾಂ ಹಾಂ, ಕಂಡ್ವು ಕಂಡ್ವು, ಭಾಳ ಚಲೋ ಅದಾವ ಅಂದಿದ್ದರು, ನಾನು ಎಷ್ಟು ಖುಷಿಪಟ್ಟೆ, ಈ ಮನೆಯಲ್ಲಿ ಇನ್ನೊಬ್ಬರಿಗೆ ಕಂಡಿತಲ್ಲ ಎಂದು.

ಫೋನು ಹಚ್ಚಿದೆ, ಸ್ಪೀಕರಿಗೆ ಹಾಕಿ ಡಬ್ಬಿಯ ಪಕ್ಕ ಇಟ್ಟೆ, ಕೈ ಖಾಲಿ ಇರಬೇಕು, ಬಜಾರದ ಗೊಬ್ಬರ ಔಷಧಿ ಅಂಗಡಿಯ ಗದ್ದಲ ಮೊದಲು ಬಂತು, ಆಮೇಲೆ ಇವರು, ಹೇಳ ವಿದ್ಯಾ, ಗಿರಾಕಿ ಅದಾರ. ರೀ, ಹಿಂದಿನ ತೊಟ್ಟ್ಯಾಗ ನೀರ ಹಾಕಂತ ಅತ್ತಿಗೆ ನೀವ ಹೇಳಿದ್ರಿ? ಹೌದು, ಖಾಲಿ ಐತೆಲ್ಲ ಅದು. ಖಾಲಿ ಇಲ್ಲರಿ ಅದು, ಹೋದ ತಿಂಗಳ ನಿಮಗ ತೋರ್ಸೀನಿ, ಕಂಡ್ವು ಕಂಡ್ವು ಅಂದ್ರಿ. ಏ, ಅವತ್ತ ಸಿಮಿಟ ಹಾಕೋರು ಬಂದು ನಿಂತಿದ್ರು, ಗಡಬಿಡ್ಯಾಗ ಇದ್ದೆ, ನಿನ್ನ ಮನಸ ಮುರೀಬಾರದಂತ ಹೂಂ ಅಂದೆ, ಅದಕ್ಕೇನಾತೀಗ? ಸತ್ತಾವ್ರಿ, ಅತ್ತಿ ತಾಮ್ರದ ತಂಬಗಿ ನೀರಿಗೆ ಸತ್ತಾವು. ತಾಮ್ರ ಆರೋಗ್ಯಕ್ಕ ಚಲೋ ಅಲ್ಲೇನ, ತಡಿ ಒಂದ ಮಿನಿಟ — ಏ ಯಜಮಾನಾ, ಮೈಲುತುತ್ತ ಪ್ಲಾಸ್ಟಿಕ್ ಬಕೀಟನ್ಯಾಗ ಕಲಸು, ನಿಂಬಿಗಿಡಕ್ಕ ಹೊಡದ ಮ್ಯಾಲ ಪಂಪ ಒಯ್ದು ಬಾವ್ಯಾಗ ತೊಳದಗಿಳದೀಯ, ಅದು ತಾಮ್ರ ಮಾರಾಯಾ, ಮೀನ ಒಂದೂ ಉಳಿಯೂದಿಲ್ಲ — ಹಾಂ, ಏನಂದಿ ವಿದ್ಯಾ? ಗೊತ್ತಿದೆ, ಈ ಮನುಷ್ಯನಿಗೆ ಎಲ್ಲ ಗೊತ್ತಿದೆ, ಊರಿಗೆಲ್ಲ ಹೇಳುತ್ತಾನೆ, ಯಾರದೋ ಬಾವಿಯ ಮೀನು ಕಾಣುತ್ತದೆ ಅಂಗಡಿಯ ಗಲ್ಲಾದ ಮೇಲೆ ಕೂತವನಿಗೆ, ಮನೆಯ ಕಿಟಕಿಯಲ್ಲಿರುವುದು ಖಾಲಿ. ಸಿಟ್ಟ ಮಾಡಬ್ಯಾಡ, ಗೈಬುಸಾಬಗ ಫೋನ ಹಚ್ಚತೇನಿ, ಬುಟ್ಟಿಗಟ್ಟಲೆ ತಂದ ಕೊಡ್ತಾನ. ಎಲ್ಲಿಂದ ತರ್ತಾನ್ರಿ, ಹೊಳಿ ತುಂಬಿ ಹರ್ಯಾಕತ್ತೈತಿ, ಆ ಮಡು ಇದ್ದ ಜಾಗಾದಾಗಿನ ಉಸುಕ ಬ್ಯಾಸಗ್ಯಾಗ ಮಂದಿ ತಗದ ಒಯ್ದಾರ, ಉಳದಿದ್ದು ಬರೇ ಅರಲು, ಕೆಸರು. ಹಂಗಾದ್ರ ಮುಂದಿನ ವರ್ಷ ನೋಡೂಣು, ಏನ ಮಕ್ಕಳು ಸತ್ತಂಗ ಮಾಡ್ತೀಯಲ್ಲ. ಫೋನು ಮುಗಿಸಿದೆ, ಬೆರಳು ಒದ್ದೆ ಇತ್ತು, ಗಾಜಿನ ಮೇಲೆ ಎರಡೆರಡು ಸಲ ಒತ್ತಬೇಕಾಯಿತು. ಮಕ್ಕಳಲ್ಲ, ಯಾರು ಅಂದರು ಮಕ್ಕಳೆಂದು, ಸೀಗಡಿಗಳು, ಸೀಗಡಿಗಳೆಂದೇ ನನಗೆ ಬೇಕಾದವು, ಒಂದು ವಸ್ತು ಬೇಕಾಗಬೇಕಾದರೆ ಅದು ಇನ್ನೊಂದರ ಹಾಗೆ ಇರಲೇಬೇಕೇ. ಅಂಗಳದಲ್ಲಿ ದಾಸವಾಳದ ಗಿಡ ಇತ್ತು, ಅತ್ತೆಯ ಪೂಜೆಯ ನೀರು ಅದರ ಬುಡಕ್ಕೆ ಹೋಗುತ್ತಿತ್ತು, ಅದು ಹೋಗುವ ಜಾಗ ಅದು, ಬೇರು ಕುಡಿಯುತ್ತಿತ್ತು, ಯಾರೂ ತುಳಿಯುತ್ತಿರಲಿಲ್ಲ, ಗಾಡಿ ನಿಲ್ಲಸಾಕ ಜಾಗಾ ಸಾಲವಲ್ದು ಎಂದು ಇವರು ಒಂದೇ ಮುಂಜಾನೆಯಲ್ಲಿ ಕೀಳಿಸಿದರು, ಸಿಮೆಂಟು ಸುರಿಸಿ ಮಟ್ಟ ಮಾಡಿಸಿದರು, ಗಿಡದ ಬುಡದಷ್ಟಾದ್ರೂ ಮಣ್ಣ ಬಿಡೋ ಸಂಜೂ, ನನ್ನ ನೀರಿಗೆ, ಎಂದು ಅತ್ತೆ ಬಾಗಿಲಲ್ಲಿ ನಿಂತು ಕೇಳಿದ್ದನ್ನು ನಾನೇ ಕೇಳಿಸಿಕೊಂಡಿದ್ದೇನೆ, ಆಗ ಇವರು ಅದನ್ನೂ ಹೂಂ ಹೂಂ ಅಂದಿದ್ದರು, ಅದೇ ಹೂಂ, ಕೀಲಿ ತಿರುಗಿಸುತ್ತ ಅಂದ ಹೂಂ.

ಟಪ್, ಟಪ್, ಹನಿ ಬೀಳುತ್ತಿದೆ, ಡಬ್ಬಿ ಅರ್ಧಕ್ಕೆ ಬಂತು, ಕಾಲುಗಳು ಬೀಸುತ್ತಿವೆ, ಒಂದು ಕ್ಷಣ ನಿಂತು ಮತ್ತೆ ಬೀಸುತ್ತಿವೆ, ನಿಲ್ಲುವುದು ಸಹಜವೇ, ಆರೋಗ್ಯವಂತ ಸೀಗಡಿಯೂ ನಿಲ್ಲಿಸಿ ಬೀಸುತ್ತದೆ, ಅಷ್ಟು ಸಲ ನೋಡಿದ್ದೇನೆ. ಅತ್ತೆ ಹೋಗಿರಲಿಲ್ಲ, ನನ್ನ ಬೆನ್ನ ಹಿಂದೆ ನಿಂತು ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದಾರೆ, ತಂಬಿಗೆ ಮಾತ್ರ ಕೈಯಲ್ಲಿಲ್ಲ, ಎಲ್ಲಿಟ್ಟರೋ, ಅವ ಮೊದಲಿಂದ ಹಂಗ ಅದಾನ, ಸಣ್ಣಾವ ಇದ್ದಾಗ ಊಟ ಮಾಡಿದ್ಯೇನೋ ಅಂದ್ರ ತಾಟ ನೋಡಲಾರದ ಹೂಂ ಅಂತಿದ್ದಾ, ಎಂದರು, ನಗಿಸುವುದಕ್ಕೆ ಅಂದರೋ ಏನೋ, ನಾನು ನಗಲಿಲ್ಲ, ಅವರೂ ನಗಲಿಲ್ಲ. ಆಮೇಲೆ ಇನ್ನೊಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತರು, ಮಂಡಿ ಹಿಡಿದುಕೊಂಡು, ತೋರ್ಸವ್ವಾ, ಯಾವುದು ಅಂತೀ, ನಾ ಏನ ಕೊಂದೀನಿ ಅನ್ನೂದರೆ ನೋಡೂಣು. ಕೊಂದಿದ್ದಲ್ಲ, ಉಳಿದದ್ದನ್ನು ತೋರಿಸುತ್ತೇನೆ, ಡಬ್ಬಿಯನ್ನು ನಳಿಗೆ ಕದಲದ ಹಾಗೆ ಕಿಟಕಿಯ ಬೆಳಕಿಗೆ ತಿರುಗಿಸಿದೆ, ಇಲ್ಲಿ ನೋಡ್ರಿ ಅತ್ತಿ, ನನ್ನ ಬೆರಳ ತುದಿ ಹಿಡದ ನೋಡ್ರಿ, ಎರಡ ಕರೀ ಚುಕ್ಕಿ ಅದಾವಲ್ಲ, ಅವು ಕಣ್ಣು, ಅಲ್ಲಿಂದ ಹಿಂದ ಬರ್ರಿ, ಹಸರು ಗೊಂಚಲಾ, ಅದು ತತ್ತಿ. ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು, ಮೋತಿಬಿಂದಿನ ಪೊರೆ ತೆಗೆಸಿದ ಕಣ್ಣು, ವಿಜಯಪುರದ ಡಾಕ್ಟರು ದಾರ ಪೋಣಿಸುವಷ್ಟು ಚಲೋ ಆಗೇದ ಎಂದು ಹೇಳಿ ಕಳಿಸಿದ ಕಣ್ಣು, ಇಲ್ಲವ್ವಾ, ಕಾಣವಲ್ದು, ಬರೇ ನೀರ ಕಾಣ್ತೈತಿ. ಕಂಡಿತು ಎಂದು ಸುಳ್ಳು ಹೇಳಲಿಲ್ಲ, ಕಾಣವಲ್ದು ಎಂದರು, ಈ ಮನೆಯಲ್ಲಿ ಕಾಣದ್ದನ್ನು ಕಾಣವಲ್ದು ಎಂದವರು ಇವರೊಬ್ಬರೇ, ನನ್ನ ಸಿಟ್ಟು ಒಂದಿಷ್ಟು ಇಳಿಯಿತು, ಕಾಣವಲ್ದು ಎಂದರೆ ಅವಳು ಇನ್ನೂ ಗಾಜು, ಕಾಣವಲ್ದು ಎಂದರೆ ಬದುಕಿದ್ದಾಳೆ, ಅನ್ನುತ್ತಲೇ ಇರಲಿ ಅತ್ತೆ, ಸಂಜೆಯವರೆಗೆ ಅನ್ನುತ್ತಿರಲಿ. ಹಂಗ ಇರಲಿ ಬಿಡ್ರಿ ಅತ್ತಿ, ಕಾಣಲಿಲ್ಲಂದ್ರ ಚಲೋ. ಏ ತಡಿ, ನೋಡ್ತೇನಿ, ನಾ ಬಿಡಾಕಿ ಅಲ್ಲ. ಮುಖವನ್ನು ಡಬ್ಬಿಗೆ ಇನ್ನೂ ಹತ್ತಿರ ತಂದರು, ಉಸಿರು ತಾಗಿ ಪ್ಲಾಸ್ಟಿಕ್ಕು ಮಸುಕಾಯಿತು, ಹೆಬ್ಬೆರಳಿಂದ ಒರೆಸಿದರು, ಹನಿ ಬೀಳುತ್ತಿದೆ, ನಾನು ಕಾಲುಗಳನ್ನಷ್ಟೇ ನೋಡುತ್ತಿದ್ದೇನೆ, ಹಿಂದೆ ಮುಂದೆ, ಹಿಂದೆ ಮುಂದೆ, ಮೊಟ್ಟೆಗಳ ನಡುವೆ, ಬೇರೆ ಎಲ್ಲಿಗೂ ಕಣ್ಣು ಒಯ್ಯುತ್ತಿಲ್ಲ, ಒಯ್ಯಲಾರೆ. ಹಾಂ, ಬಂತ ಬಂತ, ಯವ್ವಾ, ಕಂಡ್ತ ನೋಡು, ಅತ್ತೆಯ ಕೈ ನನ್ನ ಮೊಣಕೈಯನ್ನು ಹಿಡಿಯಿತು, ಸಣ್ಣ ಹುಡುಗಿಯ ಹಾಗೆ ಹಿಡಿಯಿತು, ಬಾಲದ ಕಡೆಯಿಂದ ಬೆಳ್ಳಗ, ಬೆನ್ನಿನ ತನಾ, ಈಗ ಚಂದಾಗಿ ಕಾಣಾಕತ್ತೈತಿ, ಎಷ್ಟ ಚಂದ ಐತಿ ವಿದ್ಯಾ, ಅಯ್ಯ, ಕಾಲ ನೋಡು, ಬೀಸಾಕತ್ತೈತಿ — ಬೀಸುತ್ತಿವೆ, ಹೌದು, ಬಿಳುಪಿನ ಕೆಳಗೆ ಕಾಲುಗಳು ಬೀಸುತ್ತಿವೆ, ಹಸಿರು ಮೊಟ್ಟೆಗಳ ನಡುವೆ ಇನ್ನೂ ಬೀಸುತ್ತಿವೆ, ಹನಿ ಬೀಳುತ್ತಿದೆ, ಅತ್ತೆಗೆ ಕಾಣುತ್ತಿದೆ, ಅತ್ತೆಗೆ ಈಗ ಚೆನ್ನಾಗಿ ಕಾಣುತ್ತಿದೆ